ಠಾಣೆಯ ಕಟ್ಟೆ ಹತ್ತದ ಮನೆತನ

ನಮ್ಮ ಮನೆತನಕ್ಕೆ ಹೇಳಿಕೊಳ್ಳುವಂಥ ಹೆಮ್ಮೆ ಒಂದೇ ಇತ್ತು. ಅಪ್ಪ ಯಾರ ಮನೆಯ ಸಂಬಂಧದ ಮಾತಿಗೆ ಕೂತರೂ, ತಂಬಿಗೆಯಲ್ಲಿ ನೀರು ಬಂದು ಚಹಾ ಬರುವುದರೊಳಗೆ ಅದನ್ನು ಹೇಳಿ ಮುಗಿಸುತ್ತಿದ್ದರು: “ನಮ್ಮ ಮನಿತನದಾಗ ಇಲ್ಲೀತನಕ ಒಬ್ಬರೂ ಪೊಲೀಸ್ ಸ್ಟೇಷನ್ ಕಟ್ಟಿ ಹತ್ತಿಲ್ಲ ನೋಡ್ರಿ.” ಅಜ್ಜನ ಕಾಲದಿಂದ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಕಾಳಿನ ದಲಾಲಿ ಅಂಗಡಿ ಇಟ್ಟುಕೊಂಡು ಬಂದವರು ನಾವು. ಜಗಳ ಬಂದರೆ ಎದ್ದು ಒಳಗೆ ಹೋಗಿ ಪೂಜೆಗೆ ಕೂಡುವ ಜನ. ಆ ಹೆಮ್ಮೆಗೆ ಕಲ್ಲು ಹಾಕಿದವಳು ನಾನು. ಕಟ್ಟೆ ಹತ್ತಿದ್ದಷ್ಟೇ ಅಲ್ಲ, ಒಳಗೆ ಹೋಗಿ ಸಬ್ ಇನ್‌ಸ್ಪೆಕ್ಟರ್ ಕುರ್ಚಿಯಲ್ಲೇ ಕೂತುಬಿಟ್ಟೆ.

ಅದಕ್ಕೂ ಮೊದಲು ಆರು ವರ್ಷ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿದ್ದೆ. ಗುಣಮಟ್ಟ ವಿಭಾಗ. ಹವಾನಿಯಂತ್ರಿತ ಕೋಣೆ, ಕೊರಳಿಗೆ ಕಾರ್ಡು, ಹುಟ್ಟುಹಬ್ಬಕ್ಕೆ ಕೇಕು. ಮೀಟಿಂಗ್ ಯಾವಾಗ ಇಡಬೇಕೆಂದು ತೀರ್ಮಾನಿಸಲಿಕ್ಕೇ ಒಂದು ಮೀಟಿಂಗ್ ಇಡುವಂಥ ಜಾಗ. ಕ್ಯಾಂಟೀನಿನಲ್ಲಿ ಒಂದು ಕುರ್ಚಿಯ ಕಾಲು ಮುರಿದಿತ್ತು. ಅದನ್ನು ರಿಪೇರಿ ಮಾಡಿಸಬೇಕೋ ಹೊಸದು ತರಬೇಕೋ ಎಂದು ಹನ್ನೊಂದು ಸಲ ಸೇರಿದೆವು. ಹನ್ನೆರಡನೆಯ ಸಲ ಸೇರುವ ಹೊತ್ತಿಗೆ ಕ್ಯಾಂಟೀನಿನ ಅಡುಗೆಯವನು ಅದಕ್ಕೆ ಮೊಳೆ ಹೊಡೆದುಕೊಂಡು ಅದರ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ನಮಗೆಲ್ಲ ಬಹಳ ಬೇಸರವಾಯಿತು.

ಒಮ್ಮೆ ಕಂಪನಿಯ ಲ್ಯಾಪ್‌ಟಾಪ್ ಕಳುವಾಗಿ, ದೂರು ಕೊಟ್ಟು ಬಾ ಎಂದು ನನ್ನನ್ನು ಠಾಣೆಗೆ ಅಟ್ಟಿದರು. ಬೆಂಚಿನ ಮೇಲೆ ಕಾಯುತ್ತ ಕೂತಿದ್ದಾಗ ಇಬ್ಬರು ಹೆಂಗಸರು ಜಗಳವಾಡುತ್ತಲೇ ಒಳಗೆ ಬಂದರು. ಮೇಲಿನ ಮನೆಯವಳ ಒದ್ದೆ ಸೀರೆಯ ನೀರು ಕೆಳಗಿನ ಮನೆಯವಳ ಹಪ್ಪಳದ ಮೇಲೆ ತೊಟ್ಟಿಕ್ಕುತ್ತದೆ, ಅದು ತಕರಾರು. ಸಾಹೇಬರು ಇಬ್ಬರ ಮಾತನ್ನೂ ಕೇಳಿ, ಪೆನ್ನಿನ ಮುಚ್ಚಳ ಹಾಕಿ, “ಮಧ್ಯಾಹ್ನದತನಕ ಹಪ್ಪಳ, ಆಮ್ಯಾಲ ಸೀರಿ. ಹೋಗ್ರಿ,” ಎಂದರು. ಹೆಂಗಸರು ಸಾಹೇಬರನ್ನು ಬೈಯುತ್ತ ಜೋಡಿಯಾಗಿ ಹೊರಟುಹೋದರು. ಹತ್ತು ನಿಮಿಷ. ಯಾರೂ ವರದಿ ಬರೆಯಲಿಲ್ಲ, ಯಾರೂ ಪರದೆಯ ಮೇಲೆ ಚಿತ್ರ ತೋರಿಸಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಖರೇ ಹೇಳುತ್ತೇನೆ, ಸೇವೆ ಗೀವೆ ಎಂಬ ದೊಡ್ಡ ಮಾತು ತಲೆಯಲ್ಲಿ ಇರಲೇ ಇಲ್ಲ.

ಪರೀಕ್ಷೆಯ ವಯಸ್ಸಿನ ಮಿತಿ ದಾಟಲು ಇನ್ನೊಂದೇ ವರ್ಷವಿತ್ತು. ಮನೆಯಲ್ಲಿ ಯಾರಿಗೂ ಹೇಳದೆ ಓದಿದೆ. ದಿನಾ ಮುಂಜಾನೆ ಮೈದಾನಕ್ಕೆ ಹೋಗಿ ಓಡಿದೆ. ಮಗಳು ಗಂಡಿನ ಕಡೆಯವರು ಬರುವ ಮೊದಲು ಮೈ ಇಳಿಸಿಕೊಳ್ಳುತ್ತಿದ್ದಾಳೆಂದು ಅಪ್ಪ ಸಂತೋಷಪಟ್ಟು, ನನಗೆ ಬೂಟು ಕೊಡಿಸಿದರು. ಆ ಬೂಟಿನಲ್ಲೇ ಓಡಿ ಪಾಸಾದೆ. ವಿಷಯ ತಿಳಿದ ದಿನ ಅಪ್ಪ ಮಾತು ಬಿಟ್ಟರು. ನಾಲ್ಕನೆಯ ದಿನ ರೊಟ್ಟಿ ಮುರಿಯುತ್ತ ತೀರ್ಪು ಕೊಟ್ಟರು.

“ಮಾಡ್ಕೋ. ಆದ್ರ ಪ್ಯಾಟ್ಯಾಗ ನಾ ಯಾರಿಗೂ ಹೇಳೂದಿಲ್ಲ. ಯಾರರ ಕೇಳಿದ್ರ ನೀ ಕಂಪನ್ಯಾಗ ಅದೀ. ಅಷ್ಟ.”

ಹೀಗೆ ತರಬೇತಿ ಮುಗಿಸಿ ಸ್ಟಾರ್ ಹಾಕಿಕೊಂಡ ಮೇಲೂ ಮಾರುಕಟ್ಟೆಯ ಮಟ್ಟಿಗೆ ನಾನು ಲಕಮನಹಳ್ಳಿಯಲ್ಲೇ ಉಳಿದೆ.

ಊರಂಚಿನ ಒಂದು ಠಾಣೆ ಕೊಟ್ಟರು. ಹಳ್ಳಿಗಳೂ ನಮಗೇ ಸೇರುತ್ತಿದ್ದವು. ಮೊದಲ ವಾರವೇ ನನ್ನ ಹಳೆಯ ಚಾಳಿ ಹೊರಬಿತ್ತು. ಗೋಡೆಗೆ ಬಿಳಿ ಹಲಗೆ ಹಾಕಿಸಿ, ಬಾಕಿ ಕೆಲಸಗಳನ್ನು ಹಳದಿ ಚೀಟಿಯಲ್ಲಿ ಬರೆದು ಅಂಟಿಸಿದೆ. ಫ್ಯಾನು ಹಾಕಿದ ಕೂಡಲೇ ಚೀಟಿಗಳೆಲ್ಲ ಲಾಕಪ್ಪಿನೊಳಗೆ ಹಾರಿಹೋದವು. ಕಂಪನಿಯಲ್ಲಿದ್ದಂತೆ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದೆ. ಹೆಡ್ ಕಾನ್‌ಸ್ಟೆಬಲ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮೀಸೆಗೆ ಬಣ್ಣ ಹಚ್ಚುವವರು. “ಇನ್ನೈದು ವರ್ಷಕ್ಕೆ ನಿಮ್ಮ ಗುರಿ ಏನ್ರಿ?” ಎಂದು ಕೇಳಿದೆ. ಅವರು ಎದ್ದು ನಿಂತು, “ಪಿಂಚಣಿ ರೀ ಮೇಡಂ,” ಎಂದು ಸೆಲ್ಯೂಟ್ ಹೊಡೆದರು. ಅಲ್ಲಿಗೆ ಆ ಪದ್ಧತಿ ಮುಗಿಯಿತು.

ಇನ್ನು ಡಬ್ಬಿಯ ವಿಷಯ. ನಾನು ಹೊರಗಿನದು ತಿಂದರೆ ಅವ್ವನಿಗೆ ನಿದ್ದೆ ಬರುವುದಿಲ್ಲ. ಡಬ್ಬಿ ಮುಟ್ಟಿಸುವ ಕೆಲಸ ಅಪ್ಪನಿಗೆ ಬಿತ್ತು. ಅವರು ಕೇಶ್ವಾಪುರದ ಮನೆಯಿಂದ ಸ್ಕೂಟರಿನಲ್ಲಿ ಬಂದು, ಠಾಣೆಯ ಎದುರು ರಸ್ತೆಯಾಚೆ ಚಹಾದಂಗಡಿಯ ಮುಂದೆ ನಿಲ್ಲುತ್ತಿದ್ದರು. ರಸ್ತೆ ದಾಟಿ ಈಚೆ ಬರುತ್ತಿರಲಿಲ್ಲ. ಕಟ್ಟೆಯಿರಲಿ, ಕಾಂಪೌಂಡಿನ ನೆರಳೂ ತಾಕಬಾರದು. ಯಾರಾದರೂ ಕಾನ್‌ಸ್ಟೆಬಲ್ ದಾಟಿ ಹೋಗಿ ಡಬ್ಬಿ ಇಸಿದುಕೊಂಡು ಬರುತ್ತಿದ್ದ. ಮೂರು ತಿಂಗಳಾದ ಮೇಲೆ ಒಂದು ದಿನ ಹೆಡ್ ಕಾನ್‌ಸ್ಟೆಬಲ್ ಬಾಯಿ ಒರೆಸಿಕೊಳ್ಳುತ್ತ ಬಂದು ಹೇಳಿದರು.

“ಮೇಡಂ, ನಿಮ್ಮ ಖಾನಾವಳಿ ಕಾಕಾ ಭಾಳ ಛಲೋ ಮನಷಾ ರೀ. ನಮಗೂ ನಾಕು ರೊಟ್ಟಿ ಹೆಚ್ಚಿಗಿ ತರ್ರಿ ಅಂದ್ರ ತಂದ ಬಿಟ್ರು. ನಿನ್ನೆ ಚಟ್ನಿಗೆ ಉಪ್ಪು ಕಡಿಮಿ ಆಗಿತ್ತು, ಅದನ್ನೂ ಹೇಳೇನಿ.”

ಮೊದಲು ನಗು ಬಂತು. ದಲಾಲಿ ಅಂಗಡಿಯ ಶೆಟ್ಟರು, ಇಸ್ತ್ರಿಯ ಧೋತರ, ಹಣೆಗೆ ವಿಭೂತಿ, ಅವರು ಖಾನಾವಳಿ ಕಾಕಾ! ಆಮೇಲೆ ಸಿಟ್ಟು ಬಂತು. ತಾನು ಯಾರೆಂದು ಹೇಳಿದರೆ ನಾನು ಯಾರೆಂದೂ ಹೇಳಬೇಕಾಗುತ್ತದೆ, ಅದಕ್ಕೆ ಪುಣ್ಯಾತ್ಮರು ಖಾನಾವಳಿಯವರಾಗಲಿಕ್ಕೂ ತಯಾರು. ಅಂದು ಸಂಜೆ ಊಟಕ್ಕೆ ಕೂತಾಗ ನಾನೇ ತೆಗೆದೆ.

“ಅಪ್ಪಾ, ನಿನ್ನೆ ಚಟ್ನಿಗೆ ಉಪ್ಪು ಕಡಿಮಿ ಆಗಿತ್ತಂತ ನೋಡ್ರಿ.”

“ಹೌದಂತ,” ಎಂದರು ಅಪ್ಪ, ತಟ್ಟೆಯಿಂದ ಕಣ್ಣೆತ್ತದೆ. “ನಿಮ್ಮವ್ವಗ ಹೇಳೇನಿ.”

ಅಷ್ಟೇ. ಅವರಾಗಿಯೇ ಹೇಳುವ ತನಕ ನಾನೂ ಠಾಣೆಯಲ್ಲಿ ಬಾಯಿಬಿಡುವುದಿಲ್ಲವೆಂದು ಅಂದೇ ಪಣ ತೊಟ್ಟೆ. ಒಮ್ಮೆ ಅವರು ‘ಇವಳು ನನ್ನ ಮಗಳು’ ಎಂದರೆ ನನಗೆ ಸಾಕಿತ್ತು. ಆದರೆ ಕೇಳಿ ಪಡೆಯಲು ನಾನೇನು ಭಿಕ್ಷೆಗೆ ನಿಂತವಳೇ? ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ನಮ್ಮನ್ನು ನೋಡಿ ಅವ್ವ ಆ ಗಾದೆಯನ್ನು ಒಪ್ಪುವುದನ್ನೇ ಬಿಟ್ಟಳು.

ಹೀಗೆ ವರ್ಷ ತುಂಬುತ್ತ ಬಂತು. ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಎತ್ತುಗಳನ್ನು ಸಿಂಗರಿಸಿ ಮೆರೆಸುವ ಹಬ್ಬ. ಸುಳ್ಳ ಎಂಬ ಹಳ್ಳಿಯ ಒಬ್ಬ ರೈತ ಅಳುಮೋರೆ ಹಾಕಿಕೊಂಡು ಬಂದ. ಅವನ ಜೋಡೆತ್ತಿನ ಹಿತ್ತಾಳೆಯ ಗೆಜ್ಜೆಸರಗಳು ಕಳುವಾಗಿದ್ದವು. ಎತ್ತುಗಳು ಮೇವು ಬಿಟ್ಟಿವೆ ಎಂದ. ಅವನೂ ಬಿಟ್ಟಿದ್ದನೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಕಳ್ಳನನ್ನು ಹಿಡಿಯಲು ನಾವು ಹೆಚ್ಚು ಬುದ್ಧಿ ಖರ್ಚು ಮಾಡಬೇಕಾಗಲಿಲ್ಲ. ಅವನು ಗೆಜ್ಜೆಸರಗಳನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದ್ದ. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಹಿಂದಿನ ಸೀಟಿನಿಂದ ಎತ್ತು ಓಡಿದ ಸಪ್ಪಳ. ಕಂಡಕ್ಟರ್ ಬಸ್ಸನ್ನು ಸೀದಾ ಠಾಣೆಗೇ ತಂದು ನಿಲ್ಲಿಸಿದ.

ಆರೋಪಿ ಸಿಕ್ಕ, ಮಾಲು ಸಿಕ್ಕಿತು. ಸಿಗದೇ ಉಳಿದವರು ಪಂಚರು. ಮಾಲು ಜಪ್ತಿ ಮಾಡುವಾಗ ಊರಿನ ಇಬ್ಬರು ಮರ್ಯಾದಸ್ತರು ಎದುರಿಗಿದ್ದು, ಕಂಡದ್ದನ್ನು ಬರೆಸಿ, ಪಂಚನಾಮೆಗೆ ಸಹಿ ಹಾಕಬೇಕು. ಸಹಿ ಹಾಕಿದವರು ಮುಂದೆ ಕೋರ್ಟಿಗೆ ಸಾಕ್ಷಿ ಹೇಳಲು ಬರಬೇಕು. ಹೀಗಾಗಿ ಪಂಚರು ಬೇಕೆಂದು ನಮ್ಮ ಹೆಡ್ ಕಾನ್‌ಸ್ಟೆಬಲ್ ರಸ್ತೆಗಿಳಿದರೆ ಓಣಿಗೆ ಓಣಿಯೇ ಖಾಲಿಯಾಗುತ್ತಿತ್ತು. ಅಂದು ದರ್ಜಿ ಅಂಗಡಿಯ ಬಾಗಿಲೆಳೆದ. ಝೆರಾಕ್ಸ್ ಅಂಗಡಿಯವನಿಗೆ ಒಮ್ಮೆಲೇ ಊರಿನ ನೆನಪಾಯಿತು. ಚಹಾದಂಗಡಿಯವನು ಎದೆ ಹಿಡಿದುಕೊಂಡು ತನಗೆ ಬಿ.ಪಿ. ಇದೆ ಎಂದ. ಸಂಜೆಯೊಳಗೆ ಆರೋಪಿಯನ್ನು ಕಾಗದಪತ್ರ ಸಮೇತ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ನಾನು ಗೆಜ್ಜೆಸರಗಳನ್ನು ಮೇಜಿನ ಮೇಲೆ ಹರವಿಕೊಂಡು ಬಾಗಿಲು ನೋಡುತ್ತ ಕೂತಿದ್ದೆ. ಈಗ ಜಪ್ತಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕೆಂಬ ನಿಯಮ ಬೇರೆ ಬಂದಿದೆ. ಒಬ್ಬ ಕಾನ್‌ಸ್ಟೆಬಲ್ ಮೊಬೈಲ್ ಹಿಡಿದು ತಯಾರಾಗಿ ನಿಂತಿದ್ದ.

ಆಗ ಕಟ್ಟೆಯ ಮೇಲೆ ಹೆಜ್ಜೆ ಸಪ್ಪಳವಾಯಿತು. ನೋಡುತ್ತೇನೆ, ಹೆಡ್ ಕಾನ್‌ಸ್ಟೆಬಲ್ ನಮ್ಮಪ್ಪನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಾರೆ. ಅಪ್ಪನ ಕೈಯಲ್ಲಿ ಡಬ್ಬಿ.

“ಒಬ್ಬರು ಸಿಕ್ರು ರೀ ಮೇಡಂ! ನಮ್ಮ ಖಾನಾವಳಿ ಕಾಕಾ. ಭಾಳ ಮರ್ಯಾದಸ್ತರು.”

ಅಪ್ಪ ನನ್ನನ್ನು ನೋಡಲಿಲ್ಲ. ಗೋಡೆಯ ಮೇಲಿನ ಹಲಗೆ ನೋಡಿದರು, ಫ್ಯಾನು ನೋಡಿದರು. ನಾನು ಅಲ್ಲೇ ಬಾಯಿಬಿಡಬೇಕಿತ್ತು. ತನಿಖೆ ಮಾಡುವ ಅಧಿಕಾರಿಯ ತಂದೆ ಪಂಚನಾಗಬಾರದೆಂದು ಮೊನ್ನೆ ತರಬೇತಿಗೆ ಸೇರಿದವರಿಗೂ ಗೊತ್ತು. ಆದರೆ ಹೊತ್ತು ಜಾರುತ್ತಿತ್ತು, ಬೇರೆ ಜನ ಸಿಗುತ್ತಿರಲಿಲ್ಲ, ಠಾಣೆಯಲ್ಲಿ ಯಾರಿಗೂ ವಿಷಯ ತಿಳಿದಿರಲಿಲ್ಲ. ಇಷ್ಟರ ಮೇಲೆ ನನ್ನ ಪಣ. ಸುಮ್ಮನೆ ಕೂತೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇನ್ನೊಬ್ಬರು ಸಿಗುವಷ್ಟರಲ್ಲಿ ಇವರದು ಆಗಲಿ ಎಂದು ಠಾಣೆಯ ಬರಹಗಾರರು ಬರೆಯುತ್ತ ಹೋದರು. ಅಪ್ಪ ಹೆಸರು ಹೇಳಿದರು, ವಯಸ್ಸು ಹೇಳಿದರು. “ಉದ್ಯೋಗ ಖಾನಾವಳಿ, ಹೌದಲ್ರಿ?” ಎಂದರೆ, “ಕಾಳಿನ ವ್ಯಾಪಾರ,” ಎಂದರು. ಬರಹಗಾರರು ಒಮ್ಮೆ ತಲೆಯೆತ್ತಿ ನೋಡಿ, ಹಾಗೇ ಬರೆದುಕೊಂಡರು. ಅಪ್ಪ ಗೆಜ್ಜೆಗಳನ್ನು ಒಂದೊಂದಾಗಿ ಎಣಿಸಿದರು. ಒಂದು ಗೆಜ್ಜೆಯೊಳಗಿನ ಹರಳು ಬಿದ್ದುಹೋಗಿದೆ, ಅದನ್ನೂ ಬರೆದುಕೊಳ್ಳಿರಿ ಎಂದರು. ಇಂಥ ಪಂಚ ನನಗೆ ಮುಂದೆಯೂ ಸಿಗಲಿಲ್ಲ. ಕೊನೆಗೆ ಸಹಿಗೆಂದು ಕಾಗದ ಮುಂದಿಟ್ಟರೆ ಕನ್ನಡಕ ತೆಗೆದು ಹಾಕಿಕೊಂಡರು. ಓದದೆ ಸಹಿ ಹಾಕುವವನು ಮಾರುಕಟ್ಟೆಯಲ್ಲಿ ಉಳಿಯುವುದಿಲ್ಲವೆಂಬುದು ಅವರ ಸಿದ್ಧಾಂತ. ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದಿದರು. ಎರಡನೆಯ ಪುಟದಲ್ಲಿ ಬೆರಳು ನಿಂತಿತು. ಪಂಚರು ತನಿಖಾಧಿಕಾರಿಗಳ ಸಂಬಂಧಿಕರಲ್ಲ ಎಂದು ಅಲ್ಲಿ ಬರೆದಿತ್ತು.

ಅಪ್ಪ ಪೆನ್ನು ಕೆಳಗಿಟ್ಟರು.

“ಇದಕ್ಕ ನಾ ಸಹಿ ಹಾಕೂದಿಲ್ರಿ.”

“ಯಾಕ್ರಿ ಕಾಕಾ? ಹೆದರಬ್ಯಾಡ್ರಿ, ಕೋರ್ಟಿಗೆ ನಾವ ಕರ್ಕೊಂಡು ಹೋಗ್ತೇವಿ,” ಎಂದರು ಹೆಡ್ ಕಾನ್‌ಸ್ಟೆಬಲ್.

“ಹೆದರಿಕಿ ಅಲ್ಲ. ಬರದದ್ದು ಖರೇ ಇರಬೇಕಲ್ಲ?” ಅಪ್ಪ ಕನ್ನಡಕ ತೆಗೆದರು. ನನ್ನ ಕಡೆ ನೋಡದೆಯೇ ಕೈ ತೋರಿಸಿದರು. “ಆಕಿ ನನ್ನ ಮಗಳು.”

ಆರೋಪಿಯೇ ಮೊದಲು ಬಾಯಿಬಿಟ್ಟ. “ಹೌದನ್ರಿ? ಮಾರಿ ಹಂಗ ಐತಿ ನೋಡ್ರಿ,” ಎಂದ. ಹೆಡ್ ಕಾನ್‌ಸ್ಟೆಬಲ್ ಬಣ್ಣ ಹಚ್ಚಿದ ಮೀಸೆಯ ಮೇಲೆ ಕೈಯಿಟ್ಟುಕೊಂಡರು. “ಯಪ್ಪಾ, ನಾ ಇವರಿಗೆ ಉಪ್ಪು ಕಡಿಮಿ ಅಂದಿದ್ನಲ್ರಿ ಮೇಡಂ,” ಎಂದು ನನ್ನ ಕಡೆ ತಿರುಗಿದರು. ಮೊಬೈಲ್ ಹಿಡಿದಿದ್ದ ಕಾನ್‌ಸ್ಟೆಬಲ್ ಮೆಲ್ಲಗೆ ಕೇಳಿದ, “ಮೇಡಂ, ಎಲ್ಲಾ ರೆಕಾರ್ಡ್ ಆಗೇತ್ರಿ. ಅಳಸಿಬಿಡ್ಲೇನ್ರಿ?”

“ಬ್ಯಾಡ,” ಎಂದೆ. “ಇರಲಿ.” ಅಳಿಸುವುದು ನಿಯಮಕ್ಕೂ ವಿರುದ್ಧವಾಗಿತ್ತು, ಆದರೆ ಆಗ ನನಗೆ ನಿಯಮ ನೆನಪಿರಲಿಲ್ಲ.

ಆ ಪಂಚನಾಮೆ ಏಕೆ ಅರ್ಧಕ್ಕೆ ನಿಂತಿತು ಎಂದು ನಾನೇ ಕೈಯಾರೆ ಬರೆದು ಸಹಿ ಮಾಡಿದೆ. ತರಬೇತಿಗೆ ಸೇರಿದಂದಿನಿಂದ ಕಾದ ಮಾತು ಸಿಕ್ಕಿತ್ತು, ಪಂಚರು ಇನ್ನೂ ಸಿಕ್ಕಿರಲಿಲ್ಲ. ಅಪ್ಪ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, “ಇಬ್ಬರು ಬೇಕನು?” ಎಂದು ಕೇಳಿ ಮೆಟ್ಟಿಲಿಳಿದು ಹೋದರು. ಮುಕ್ಕಾಲು ಗಂಟೆಯಲ್ಲಿ ಮಾರುಕಟ್ಟೆಯ ಆಚೀಚೆ ಅಂಗಡಿಯ ಇಬ್ಬರು ಗೆಳೆಯರನ್ನು ಕರೆದುಕೊಂಡು ಮತ್ತೆ ಮೆಟ್ಟಿಲು ಹತ್ತಿದರು. ಈ ಸಲ ಯಾರೂ ರಟ್ಟೆ ಹಿಡಿದಿರಲಿಲ್ಲ. ಗೆಳೆಯರ ಎದುರು ನನ್ನನ್ನು ತೋರಿಸಿ, “ಈಕಿ ನನ್ನ ಮಗಳು. ಕಂಪನಿ ಬಿಟ್ಟು ಭಾಳ ದಿನ ಆತು. ನಾ ನಿಮಗ ಹೇಳಿದ್ದಿಲ್ಲ,” ಎಂದರು. ಆ ಮಾತಿಗೆ ಅವರ ಕಿವಿ ಕೆಂಪಾಗಿತ್ತು.

ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡರು. ದಪ್ಪಗಿದ್ದವರು ಕುರ್ಚಿ ಎಳೆದುಕೊಂಡು ಕೂತರು.

“ಶೆಟ್ರ, ನಮಗ ಎಂದೋ ಗೊತ್ತೈತಿ. ನನ್ನ ಟೆಂಪೋ ಹಿಡದು ಅರ್ಧಾ ದಿನ ಬಿಸಲಾಗ ನಿಲ್ಲಿಸಿದಾಕಿ ಈಕಿನ ಅಲ್ಲನು! ನೀವಾಗೇ ಹೇಳ್ಲಿ ಅಂತ ಸುಮ್ನ ಇದ್ವಿ. ಕಂಪನ್ಯಾಗ ಮಗಳಿಗೆ ಬಡ್ತಿ ಆತು ಅಂತ ಹೋದ ವರ್ಷ ಪ್ಯಾಟಿಗೆಲ್ಲಾ ಪೇಢೆ ಹಂಚಿದ್ರಿ. ಅವನ್ನೂ ಸುಮ್ನ ತಿಂದ್ವಿ.”

ಪೇಢೆಯ ವಿಷಯ ನನಗೆ ಗೊತ್ತಿರಲಿಲ್ಲ. “ಯಾವಾಗ ರೀ ಕಾಕಾ?” ಎಂದೆ. ನಾಗರಪಂಚಮಿಯ ಮುಂದಿನ ಸೋಮವಾರ ಎಂದರು. ನಾನು ಈ ಠಾಣೆಗೆ ಬಂದು ಅಧಿಕಾರ ವಹಿಸಿಕೊಂಡ ದಿನ ಅದು. ಅಂದು ನಾನು ಸಮವಸ್ತ್ರದಲ್ಲಿ ಮನೆಗೆ ಬಂದಾಗ ಅಪ್ಪ ಪತ್ರಿಕೆಯಿಂದ ಮುಖ ತೆಗೆಯದೆ, “ಬೂಟು ಕಚ್ಚತಾವನು?” ಎಂದು ಮಾತ್ರ ಕೇಳಿದ್ದರು. ನಾನು ಸಿಟ್ಟಿನಿಂದ ಊಟ ಬಿಟ್ಟು ಮಲಗಿದ್ದೆ. ಈಗ ಅಪ್ಪನ ಕಡೆ ನೋಡಿದರೆ, ಅವರು ಹರಳಿಲ್ಲದ ಗೆಜ್ಜೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನಾನು ಕಾಗದಗಳಲ್ಲಿ ತಲೆ ಹುದುಗಿಸಿದೆ. ಅಕ್ಷರಗಳು ಕಲೆಸಿಹೋಗಿ ಏನೂ ಕಾಣಲಿಲ್ಲ.

ಸಂಜೆಯೊಳಗೆ ಆರೋಪಿ ಕೋರ್ಟಿಗೆ ಹೋದ. ಕಾರಹುಣ್ಣಿಮೆಯ ಹಿಂದಿನ ದಿನ ಕೋರ್ಟಿನ ಅಪ್ಪಣೆಯ ಮೇಲೆ ಗೆಜ್ಜೆಸರಗಳೂ ಸುಳ್ಳಕ್ಕೆ ಹೋದವು. ಪಂಚನಾಮೆಯ ಮರುದಿನದಿಂದಲೇ ಡಬ್ಬಿ ಸೀದಾ ನನ್ನ ಮೇಜಿಗೆ ಬರತೊಡಗಿತ್ತು. ಚಹಾದಂಗಡಿಯ ಚಹಾ ಬಾಯಲ್ಲಿ ಇಡುವ ಹಾಗಿಲ್ಲ, ಅದಕ್ಕೇ ಒಳಗೆ ಬಂದೆ ಎಂದು ಅಪ್ಪ ಕಾರಣ ಕೊಟ್ಟರು. ಹೆಡ್ ಕಾನ್‌ಸ್ಟೆಬಲ್ ಅವರನ್ನು ಈಗ ‘ಶೆಟ್ರ’ ಎನ್ನುತ್ತಾರೆ, ಎದ್ದು ನಿಲ್ಲುತ್ತಾರೆ. ರೊಟ್ಟಿ ಮಾತ್ರ ಬಿಟ್ಟಿಲ್ಲ.

ಮುಂದೆ ಒಂದು ಭಾನುವಾರ ಚಿಕ್ಕಪ್ಪನ ಮಗಳ ಸಂಬಂಧದ ಮಾತಿಗೆ ಕೂತಿದ್ದೆವು. ರಜೆಯಾದ್ದರಿಂದ ನಾನೂ ಇದ್ದೆ. ನೀರು ಬಂತು, ಚಹಾ ಇನ್ನೂ ಬಂದಿರಲಿಲ್ಲ. ರೂಢಿಯಂತೆ ಅಪ್ಪ ಗಂಟಲು ಸರಿಮಾಡಿಕೊಂಡರು.

“ನಮ್ಮ ಮನಿತನದಾಗ ಇಲ್ಲೀತನಕ ಒಬ್ಬರೂ ಪೊಲೀಸ್ ಸ್ಟೇಷನ್ ಕಟ್ಟಿ…”

ಅಷ್ಟಕ್ಕೆ ನಿಂತರು. ಬೀಗರು ಕಾಯುತ್ತಿದ್ದರು. ಅಪ್ಪ ನನ್ನ ಕಡೆ ತಿರುಗಿ ನೋಡಿ, ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದು, ಮಾತು ಮುಗಿಸಿದರು.

“…ಸುಮ್ಮಸುಮ್ನ ಹತ್ತಿಲ್ಲ ನೋಡ್ರಿ.”