ಟಗರು ಮಲಗಿದ ನೆಲ

ಸೊಲ್ಲಾಪುರದ ಗಿರಣಿಯಲ್ಲಿ ಹದಿನಾರು ವರ್ಷ ದುಡಿದ ಅಮೋಗಸಿದ್ಧನ ಎದೆಯಲ್ಲಿ ಹತ್ತಿಯ ಧೂಳು ಮನೆ ಮಾಡಿಕೊಂಡಿತ್ತು. 1954ರ ಚೈತ್ರದಲ್ಲಿ ದವಾಖಾನೆಯ ಡಾಕ್ಟರು ಅವನ ಹೆಂಡತಿ ಬೀರವ್ವನನ್ನು ಪಕ್ಕಕ್ಕೆ ಕರೆದು ಹೇಳಿದರು: ಈ ಊರಲ್ಲಿ ಇನ್ನೊಂದು ಮಳೆಗಾಲ ಕಳೆದರೆ ಇವನು ಉಳಿಯುವುದಿಲ್ಲ. ಧೂಳಿಲ್ಲದ, ಗದ್ದಲವಿಲ್ಲದ, ಒಣಗಾಳಿ ಆಡುವ ಜಾಗ ನೋಡು. ಮೈ ಬೆಚ್ಚಗೆ, ನೆಲ ಒಣಗಿ ಇದ್ದರೆ ಇನ್ನೂ ಹತ್ತು ವರ್ಷ ಬದುಕಿಯಾನು.

ಡಾಕ್ಟರು ಧೈರ್ಯ ತುಂಬಲು ಆಡಿದ ಮಾತಿರಬಹುದು ಅದು. ಬೀರವ್ವ ಮಾತ್ರ ಆ ಹತ್ತು ವರ್ಷವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೇ ಗಿರಣಿ ಕೂಲಿಗಳ ಚಾಳಿನ ತಮ್ಮ ಖೋಲಿಗೆ ಬಂದಳು. ಅವರಿಗೆ ಮಕ್ಕಳಿರಲಿಲ್ಲ. ಇಬ್ಬರೂ ಕುರಿ ಕಾಯುವ ಮನೆತನದವರು, ಬೀರಪ್ಪ ದೇವರ ಒಕ್ಕಲು. ವಳಸಂಗದಲ್ಲಿ ಅಮೋಗಸಿದ್ಧನ ಅಣ್ಣ ಹಣಮಂತಪ್ಪ ಇದ್ದನಾದರೂ ಅವನ ಸಂಸಾರ ವರ್ಷದ ಎಂಟು ತಿಂಗಳು ಕುರಿಗಳ ಹಿಂದೆ ಅಲೆಯುವಂಥದು. ಏದುಸಿರು ಬಿಡುವವನನ್ನು ಕಟ್ಟಿಕೊಂಡು ಅವರಾದರೂ ಎಲ್ಲಿಗೆ ಹೋದಾರು!

ಅಕ್ಕಲಕೋಟೆಯ ದಕ್ಷಿಣಕ್ಕೆ, ಭೀಮಾ ನದಿಯ ನಡುವೆ, ಮನುಷ್ಯರು ವಾಸಿಸುವ ಎರಡು ನಡುಗಡ್ಡೆಗಳಿದ್ದವು. ಕಲ್ಲಗಡ್ಡೆ ಎತ್ತರದ್ದು. ಹತ್ತೇ ಮನೆ, ಕಾಲಿಗೆ ಒತ್ತುವ ಕಲ್ಲುನೆಲ, ಹಗಲೆಲ್ಲ ಗಾಳಿ. ಅಲ್ಲಿಯ ಹಿರಿಯ ಖಂಡಪ್ಪ ಖಾಲಿ ಬಿದ್ದ ಗುಡಿಸಲೊಂದನ್ನು ಕೊಡುತ್ತೇನೆ ಎಂದಿದ್ದ. ಆದರೆ ಆ ಹತ್ತು ಮನೆಗಳಲ್ಲಿ ಬೀರವ್ವನಿಗೆ ನಂಟರಿರಲಿ, ಗುರುತಿನವರೂ ಇರಲಿಲ್ಲ. ಇನ್ನೊಂದು ಜೇಕಿನಗಡ್ಡೆ. ಅದು ತಗ್ಗು, ಕಪ್ಪುಮಣ್ಣಿನದು, ಸುತ್ತ ನೀರಂಚಿಗೆಲ್ಲ ಜೇಕಿನ ಹುಲ್ಲು ಬೆಳೆದದ್ದು. ಅಲ್ಲಿ ಅವಳ ತಂಗಿ ಸುಗಲಾಬಾಯಿಯನ್ನು ಕೊಟ್ಟಿದ್ದರು.

ಡಾಕ್ಟರ ಮಾತು ಕೇಳಿದರೆ ಕಲ್ಲಗಡ್ಡೆ, ಕರುಳಿನ ಮಾತು ಕೇಳಿದರೆ ಜೇಕಿನಗಡ್ಡೆ. ಬೀರವ್ವನಿಗೆ ತನ್ನ ಮೇಲೆಯೇ ನಂಬಿಕೆ ಬರಲಿಲ್ಲ.

"ನನ್ನ ಜೀವ ತಂಗಿ ಕಡೆ ಎಳೀತೈತ್ರಿ. ಹಂಗಂತ ನಿಮ್ಮ ಉಸಿರು ಪಣಕ್ಕ ಇಡ್ಲೇನು? ಬೀರಪ್ಪನೇ ಹೇಳ್ಲಿ. ಟಗರು ನಿಲ್ಲಸೂಣು" ಎಂದಳು.

ಟಗರು ನಿಲ್ಲಿಸುವುದು ಅವರ ಮನೆತನದಲ್ಲಿ ನಡೆದು ಬಂದ ಪದ್ಧತಿ. ಹೊಸ ಜಾಗದಲ್ಲಿ ಒಲೆ ಹೂಡುವ ಮುಂಚೆ ಹಣೆಗೆ ದೇವರ ಅರಿಸಿನಪುಡಿ, ಭಂಡಾರ, ಹಚ್ಚಿದ ಟಗರನ್ನು ಅಲ್ಲಿ ಬಿಟ್ಟು ಎಲ್ಲರೂ ದೂರ ಕುಳಿತುಕೊಳ್ಳಬೇಕು. ಹೊತ್ತು ನೆತ್ತಿಗೆ ಬರುವುದರೊಳಗೆ ಅದು ಕಾಲು ಮಡಚಿ ಮಲಗಿ ಮೆಲುಕು ಹಾಕಿದರೆ ಆ ನೆಲ ಒಪ್ಪಿತು ಎಂದು ಅರ್ಥ. ನಿಂತೇ ಅರಚುತ್ತಿದ್ದರೆ ಗಂಟುಮೂಟೆ ಕಟ್ಟಬೇಕು. ಗಿರಣಿ ಸೇರಿದ ಮೇಲೆ ಇಂಥದನ್ನೆಲ್ಲ ಕಂಡು ನಗುತ್ತಿದ್ದ ಅಮೋಗಸಿದ್ಧ ಅಂದು ನಗಲಿಲ್ಲ.

"ಆತು. ಅಣ್ಣನ ಕುರಿಮಂದಿ ಈಗ ಹೊಳಿ ದಂಡಿಗೇ ಐತಿ. ಟಗರು ನಾ ತರ್ತೀನಿ" ಎಂದ.

ವೈಶಾಖದ ಬಿಸಿಲಿಗೆ ಭೀಮೆ ಮೊಣಕಾಲುದ್ದಕ್ಕೆ ಇಳಿದಿದ್ದಳು. ಮೊದಲು ಕಲ್ಲಗಡ್ಡೆ. ಟಗರು ನಿಂತಿತು, ಸುತ್ತಿತು, ಕಲ್ಲು ಮೂಸಿತು, ಗಂಟಲು ಹರಿಯುವಂತೆ ಅರಚಿತು. ಹೊತ್ತು ನೆತ್ತಿಗೇರಿ ಇಳಿದರೂ ಮಲಗಲಿಲ್ಲ. ಬೀರವ್ವ ಎರಡೂ ಕೈ ಜೋಡಿಸಿಕೊಂಡು "ಮಲಗೋ ನಮ್ಮಪ್ಪಾ, ಮಲಗೋ" ಎಂದು ಗೊಣಗುತ್ತಲೇ ಇದ್ದಳು. ಗಂಡನ ಮುಖಕ್ಕೆ ಒಣಗಾಳಿ ಬಡಿಯುತ್ತಿದ್ದುದನ್ನು, ಒಂದು ತಾಸಿನಿಂದ ಅವನು ಕೆಮ್ಮದೆ ಕುಳಿತದ್ದನ್ನು ಅವಳು ಕಂಡಿದ್ದಳು.

ಖಂಡಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡ. "ದೇವ್ರು ಒಲ್ಲೆ ಅಂದ ಮ್ಯಾಲೆ ನಾವೇನ್ ಮಾಡಾಕ ಬರ್ತೈತಿ ತಂಗೀ?"

ಮರುದಿನ ಜೇಕಿನಗಡ್ಡೆಯಲ್ಲಿ ಟಗರು ನಾಲ್ಕು ಹೆಜ್ಜೆ ಹಾಕಿ ಮಲಗೇಬಿಟ್ಟಿತು. ಕಣ್ಣು ಅರೆ ಮುಚ್ಚಿ ಮೆಲುಕು ಹಾಕತೊಡಗಿತು. ಸುಗಲಾಬಾಯಿ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡು ಅತ್ತಳು. ಬೀರವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೈಶಾಖದಲ್ಲೂ ಆ ನೆಲ ಅಂಗಾಲಿಗೆ ತಣ್ಣಗೆ ಹತ್ತುತ್ತಿತ್ತು. ಹತ್ತಿದರೇನು, ದೇವರೇ ಬೆರಳು ತೋರಿಸಿದ ಮೇಲೆ ನೆಲ ತಣ್ಣಗಿದೆ ಎಂದು ತಕರಾರು ತೆಗೆಯುವ ಹೆಣ್ಣಲ್ಲ ಅವಳು. ಎಂಟು ದಿನದಲ್ಲಿ ತಂಗಿಯ ಮನೆಯ ಪಕ್ಕದಲ್ಲೇ ಗುಡಿಸಲು ಎದ್ದಿತು.

ಆಷಾಢದಲ್ಲಿ ಹೊಳೆ ತುಂಬಿತು. ಅಲ್ಲಿಂದ ಹೊರಬೀಳಲು ಹರಗೋಲು ಒಂದೇ, ಅದೂ ನೀರು ಮನಸ್ಸು ಮಾಡಿದರೆ. ಕಪ್ಪುಮಣ್ಣು ಕೆಳಗಿನಿಂದ ನೀರು ಎಳೆದುಕೊಂಡಿತು. ಅವನು ಮಲಗುವ ಹೊರಸಿನ ಕಾಲುಗಳಿಗೆ ಬೂಸಲು ಹತ್ತಿತು, ಹಾಸಿದ ಕಂಬಳಿ ಒಣಗುವುದನ್ನೇ ಮರೆಯಿತು. ಬೀರವ್ವ ನೆಲಕ್ಕೆ ಜೋಳದ ಕಣಿಕೆ ಹಾಸಿದಳು, ಹೊರಸಿನ ಕೆಳಗೆ ಕೆಂಡ ಇಟ್ಟಳು. ಕೆಂಡದ ಹೊಗೆಗೆ ಅವನು ಇನ್ನಷ್ಟು ಕೆಮ್ಮಿದ. ಮಲಗಿದರೆ ಉಸಿರು ಸಿಗದೆ ಹಗಲೂ ರಾತ್ರಿ ಕುಳಿತೇ ಇರತೊಡಗಿದ.

ದೇವರು ತೋರಿಸಿದ ಜಾಗದಲ್ಲಿ ಹೀಗೇಕಾಗುತ್ತಿದೆ? ತಪ್ಪು ತನ್ನದೇ ಇರಬೇಕು ಎಂದುಕೊಂಡಳು ಬೀರವ್ವ. ಭಂಡಾರ ಹಚ್ಚುವಾಗ ಮೈಲಿಗೆಯಾಗಿತ್ತೇನೋ, ಹರಕೆ ಯಾವುದಾದರೂ ಮರೆತಿತ್ತೇನೋ. ಅನ್ನ ನೀರು ಬಿಟ್ಟಳು. ಹಸಿ ಸೀರೆಯಲ್ಲಿ ಮಳೆಯೊಳಗೆ ನಿಂತು ಬೀರಪ್ಪನಿಗೆ ಅಡ್ಡಬಿದ್ದಳು. ತಂಗಿ ಬೇಡಿಕೊಂಡರೂ ಕೇಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು.

ಸುಗಲಾಬಾಯಿ ಅವಳನ್ನು ಒಳಗೆ ತಂದು ಕೂರಿಸಿ ಗಂಜಿ ಕಾಸಲು ಹೋದಾಗ ಅಮೋಗಸಿದ್ಧ ಬಾಯಿ ಬಿಟ್ಟ.

"ಊಟ ಮಾಡ ಬೀರಿ. ದೇವ್ರದೂ ತಪ್ಪಿಲ್ಲ, ನಿಂದೂ ಇಲ್ಲ."

"ಮತ್ತ ಯಾರದ್ರಿ?"

"ನಂದು. ಕಲ್ಲಗಡ್ಡಿಗಿ ಒಯ್ಯೂ ಮುಂದ ಟಗರಿಗಿ ಒಂದಿನಾ ಪೂರಾ ಮೇವು ಹಾಕಿರಲಿಲ್ಲ. ಹಸದದ್ದು ಎಲ್ಲಿ ಮಲಗತೈತಿ? ಇಲ್ಲಿಗಿ ತರೂ ಮುಂದ ಹೊಟ್ಟಿ ಬಿರಿಯೂ ಹಂಗ ಮೇಯಿಸೀನಿ."

ಕುರಿಗಳ ನಡುವೆಯೇ ಹುಟ್ಟಿ ಬೆಳೆದವಳು ಬೀರವ್ವ. ಹಸಿದ ಕುರಿಯ ಅರಚಾಟ ಎಂಥದೆಂದು ಅವಳಿಗೆ ಗೊತ್ತಿತ್ತು. ಹಣೆಗೆ ಭಂಡಾರ ಬಿದ್ದ ಮೇಲೆ ಅದನ್ನು ಕುರಿಯೆಂದು ನೋಡಿರಲಿಲ್ಲ, ಅಷ್ಟೇ.

"ಯಾಕ?" ಎಂದಳು.

"ಗಿರಣ್ಯಾಗ ನನ್ನಂಥಾವ್ರನ್ನ ಎಷ್ಟೋ ಮಂದೀನ ನೋಡೀನಿ. ಹತ್ತು ವರ್ಷ ಅಂಬೂದು ಸುಳ್ಳು. ಎಲ್ಲಿದ್ರೂ ಎರಡು ವರ್ಷ, ಭಾಳಾತು. ಆಮ್ಯಾಲೆ ಆ ಕಲ್ಲಾಗ ನೀ ಒಬ್ಬಾಕಿ ಯಾರ ಮಾರಿ ನೋಡ್ತಿದ್ದಿ? ಇಲ್ಲಿ ತಂಗಿ ಅದಾಳ."

ಬೀರವ್ವ ಎದ್ದು ನಿಂತಳು. ಮದುವೆಯಾದಾಗಿನಿಂದ ಗಂಡನನ್ನು ಏಕವಚನದಲ್ಲಿ ಕರೆದವಳಲ್ಲ. ಅಂದು ಕರೆದಳು.

"ಎರಡು ವರ್ಷ ಇತ್ತಲ್ಲೋ! ಅದು ನಂದಿತ್ತು. ಯಾರನ್ನ ಕೇಳಿ ಕೊಟ್ಟಿ ಅದನ್ನ?"

ಅವನು ಉತ್ತರ ಕೊಡುವ ಮೊದಲು ಕೆಮ್ಮು ಬಂತು.

ಅಂದಿನಿಂದ ಅವಳು ಅವನೊಂದಿಗೆ ಮಾತು ಬಿಟ್ಟಳು. ಸೇವೆಯಲ್ಲಿ ಕೊರತೆ ಮಾಡಲಿಲ್ಲ. ಬೆನ್ನು ನೀವಿದಳು, ಕಫ ಒರೆಸಿದಳು, ಗಂಜಿ ಕುಡಿಸಿದಳು. ತುಟಿ ಮಾತ್ರ ಬಿಚ್ಚಲಿಲ್ಲ. "ಬೀರಿ, ಬೈಯರ ಬೈಯ" ಎಂದು ಅವನು ಅಂಗಲಾಚಿದರೆ ಮುಖ ತಿರುಗಿಸುತ್ತಿದ್ದಳು. ಅವಳ ಸಿಟ್ಟಿಗೆ ಕಾರಣವಿತ್ತು, ಇಲ್ಲವೆನ್ನಲು ಯಾರ ಬಾಯಿಂದಲೂ ಆಗದು. ಸಿಟ್ಟು ಇಳಿದ ಮೇಲೆ ಮಾತಾಡಿದರಾಯಿತು, ಎಲ್ಲಿಗೆ ಹೋಗುತ್ತಾನೆ ಎಂದುಕೊಂಡಿದ್ದಳು. ನಾಲ್ಕನೆಯ ಬೆಳಿಗ್ಗೆ ಹಾಲು ತರಲೆಂದು ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಅಮೋಗಸಿದ್ಧ ಗೋಡೆಗೆ ಒರಗಿ ಕುಳಿತಲ್ಲೇ ಹೋಗಿಬಿಟ್ಟಿದ್ದ. ಅವಳು ಹಾಲಿನ ಚರಿಗೆ ಕೆಳಗಿಟ್ಟು ಮಾತಾಡಿದಳು. ಆಗ ಬಹಳ ಮಾತಾಡಿದಳು.

ಇನ್ನು ಸುಗಲಾಬಾಯಿಯ ವಿಷಯ. ಅಂಥ ತಂಗಿ ಎಲ್ಲರಿಗೂ ಸಿಗುವುದಿಲ್ಲ. ಮೊದಲ ಬಿಸಿ ರೊಟ್ಟಿ ಅಕ್ಕನಿಗೇ. ತಲೆಗೆ ಎಣ್ಣೆ ಹಚ್ಚುವಳು, ಜ್ವರ ಬಂದರೆ ಪಕ್ಕದಲ್ಲೇ ಕೂರುವಳು. ಅವಳ ಮಕ್ಕಳು ದೊಡ್ಡವ್ವನ ಕಂಬಳಿಯೊಳಗೇ ಮಲಗುವರು. ವರ್ಷ ಐದಾದರೂ ಬೀರವ್ವ ಒಂದು ದಿನವೂ ಒಬ್ಬಂಟಿಯಾಗಲಿಲ್ಲ. ಅಮೋಗಸಿದ್ಧ ಅಂದುಕೊಂಡದ್ದು ಚಾಚೂ ತಪ್ಪದೆ ನಡೆಯಿತು. ಬೀರಪ್ಪ ಈಕೆಗೆ ಸರಿಯಾದ ಜಾಗವನ್ನೇ ತೋರಿಸಿದ ಎಂದು ಜೇಕಿನಗಡ್ಡೆಯ ಜನ ಇಂದಿಗೂ ಹೇಳುತ್ತಾರೆ. ಟಗರಿನ ಗುಟ್ಟನ್ನು ಅವಳು ಯಾರಿಗೂ, ತಂಗಿಗೂ ಹೇಳಲಿಲ್ಲ.

"ಅಕ್ಕಾ, ಉಣ್ಣಾಕ ಬಾ" ಎಂದು ಸುಗಲಾಬಾಯಿ ಕರೆದಾಗಲೆಲ್ಲ ಎದ್ದು ಹೋಗಿ ಕುಳಿತು, ಬಡಿಸಿದ್ದನ್ನು ಬಿಡದೆ ಉಣ್ಣುತ್ತಿದ್ದಳು. ಗಂಡನ ಎರಡು ವರ್ಷವನ್ನು ತುತ್ತು ತುತ್ತಾಗಿ ತಿನ್ನುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು.