ನನ್ನ ಕಣ್ಣಿನೆತ್ತರದ ಮನೆ

ನಮ್ಮ ಬಳಗದಲ್ಲಿ ನನ್ನನ್ನು ಎತ್ತದವರು ಯಾರೂ ಇಲ್ಲ. ಪೋಲಿಯೊ ಬಂದು ಕಾಲು ಸೋತಾಗ ನಾನಿನ್ನೂ ಅಂಬೆಗಾಲಿಡುವ ಕೂಸು. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲುಗಳ ಮೇಲೆ ಮೊದಲು ಅಪ್ಪ ಎತ್ತಿದ, ಆಮೇಲೆ ಕಾಕಾ, ಮೀಸೆ ಮೂಡಿದ ಮೇಲೆ ತಮ್ಮ. ಚಿತ್ತಾಪುರದ ಕಡೆಯ ಮದುವೆಗಳಲ್ಲಂತೂ ಗುರುತೇ ಇಲ್ಲದ ಗಂಡಸರು ಒಂದು ಮಾತೂ ಕೇಳದೆ ಬಂದು, ಗಾಲಿ ಕುರ್ಚಿಯ ಸಮೇತ ನನ್ನನ್ನು ಎತ್ತಿ ಒಳಗಿಟ್ಟು, "ಪಾಪ" ಎಂದು ಕೈ ಕೊಡವಿಕೊಂಡು ಊಟಕ್ಕೆ ಹೋಗುತ್ತಿದ್ದರು. ನಮ್ಮ ಕಡೆ ಮನೆ ಅಂದರೆ ಮೊದಲು ಹೊಸ್ತಿಲು. ಗೇಣೆತ್ತರದ ಶಹಾಬಾದಿ ಕಲ್ಲು, ಅದಕ್ಕೆ ಅರಿಶಿಣ ಕುಂಕುಮ, ಬಲಗಾಲಿಟ್ಟು ದಾಟುವ ಶಾಸ್ತ್ರ. ನಾನು ದಾಟಿದ ಹೊಸ್ತಿಲುಗಳನ್ನೆಲ್ಲ ಯಾರದೋ ತೋಳಿನಲ್ಲಿ, ಗಾಳಿಯಲ್ಲೇ ದಾಟಿದ್ದೇನೆ.

ಹಾಗಾಗಿ, ನಾನು ಗುಮಾಸ್ತಳಾಗಿರುವ ಸೇಡಂನಲ್ಲಿ ಒಂದು ಪ್ಲಾಟು ನನ್ನ ಹೆಸರಿಗಾದಾಗ ನಾನು ಹಾಕಿದ ಷರತ್ತು ಒಂದೇ. ಅಲ್ಲಿ ಕಟ್ಟುವ ಮನೆಯಲ್ಲಿ ನನ್ನನ್ನು ಯಾರೂ ಎತ್ತಬಾರದು. ನಾನೇ ಒಳಗೆ ಹೋಗಬೇಕು, ನಾನೇ ಹೊರಗೆ ಬರಬೇಕು. ಗೋಡೆಗೆ ಯಾವ ಬಣ್ಣವಾದರೂ ಬಳಿದುಕೊಳ್ಳಲಿ, ನನಗೇನೂ ತಕರಾರಿಲ್ಲ.

"ಒಬ್ಬಾಕೀನೇ ಹ್ಯಾಂಗ ಇರ್ತಿ ಅಕ್ಕ?" ಎಂದು ತಮ್ಮ ಕೇಳಿದ.

"ಕುಂತು ಇರ್ತೀನಿ" ಎಂದೆ.

ವಿಆರ್ ಕನ್ನಡಕ ನನಗೆ ಹೊಸದಾಗಿರಲಿಲ್ಲ. ಗಾಲಿ ತಿರುಗಿಸಿ ತಿರುಗಿಸಿ ಭುಜ ಹಿಡಿದುಕೊಂಡಾಗ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ವ್ಯಾಯಾಮ ಮಾಡಿಸುವಾಕೆ ಅದನ್ನು ನನ್ನ ಮುಖಕ್ಕೆ ಕಟ್ಟಿದ್ದಳು. ಕಣ್ಣು ಬಿಟ್ಟರೆ ಪೇರಲ ತೋಟ. ಕೈ ಚಾಚಿ ಹಣ್ಣು ಕಿತ್ತು ಬುಟ್ಟಿಗೆ ಹಾಕಬೇಕು. ನೋವು ಮರೆತು ಅರ್ಧ ತೋಟ ಖಾಲಿ ಮಾಡಿದ್ದೆ. ಮೊದಲು ಕೊಂಬೆಗಳು ಕೈಗೆಟುಕಲಿಲ್ಲ. ಆಕೆ ಏನೋ ಒತ್ತಿದಳು, ಕೊಂಬೆಗಳು ನನ್ನ ಕೈಯೆತ್ತರಕ್ಕೆ ಇಳಿದು ಬಂದವು. ಅದು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ವಾಡಿಯ ಕಾರ್ಖಾನೆಯಲ್ಲಿರುವ ತಮ್ಮನಿಗೂ ಆ ಕನ್ನಡಕ ಗೊತ್ತು. ಎತ್ತರದಲ್ಲಿ ನಿಂತು ಕೆಲಸ ಮಾಡುವ ತರಬೇತಿಯನ್ನು ಅವನಿಗೆ ಮೊದಲು ಕೊಟ್ಟದ್ದು ಅದರಲ್ಲೇ. ಗಟ್ಟಿ ನೆಲದ ಮೇಲೆ ನಿಂತೇ ಹೆದರಿ ಕೂತುಬಿಟ್ಟೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಮನೆ ಕಟ್ಟುವ ಮೊದಲೇ ಕನ್ನಡಕ ಹಾಕಿ ಒಳಗೆಲ್ಲ ತಿರುಗಾಡಿಸುತ್ತಾಳೆ ಎಂದು ಸೇಡಂನ ಒಬ್ಬ ಇಂಜಿನಿಯರ್ ಹುಡುಗಿಯ ಬಗ್ಗೆ ಕೇಳಿ ಫೋನು ಮಾಡಿದೆ. ಆಕೆಯ ಆಫೀಸು ಮಹಡಿಯ ಮೇಲೆ.

"ಇಬ್ಬರನ್ನ ಕಳಸ್ತೀನ್ರಿ ಅಕ್ಕಾರ, ಎತ್ತಿಕೊಂಡು ಮ್ಯಾಲ ತರ್ತಾರ."

"ಬ್ಯಾಡವ್ವಾ. ನೀನೇ ಕನ್ನಡಕ ತಗೊಂಡು ಕೆಳಗ ಬಾ."

ಹಾಗಾದರೆ, ನೆಲಕ್ಕೆ ಹಾಸುವ ಪರ್ಸಿ ಕಲ್ಲು ಮಾರುವ ತನ್ನ ಅಬ್ಬಾನ ಅಡ್ಡೆ ಶಹಾಬಾದದಲ್ಲಿದೆ, ಜಾಗ ಸಪಾಟಾಗಿದೆ, ಅಲ್ಲಿಗೆ ಬನ್ನಿ ಎಂದಳು. ಒಂದು ಭಾನುವಾರ ತಮ್ಮ ಕಾರಿನಲ್ಲಿ ನನ್ನನ್ನೂ ಅವ್ವನನ್ನೂ ಕರೆದೊಯ್ದ. ಮನೆ ಕಟ್ಟಲು ಒಪ್ಪಿಕೊಂಡಿದ್ದ ಆಡಕಿ ಊರಿನ ಗೌಂಡಿಯೂ ಬಂದ.

"ಬರ್ರಿ ಅಕ್ಕಾರ, ಕುಂದ್ರಿ" ಎಂದವಳೇ ಹುಡುಗಿ ನಾಲಿಗೆ ಕಚ್ಚಿಕೊಂಡಳು.

"ನಾ ಕುಂತೇ ಬಂದೀನಿ" ಎಂದೆ. ಇಬ್ಬರೂ ನಕ್ಕೆವು. ಅಲ್ಲಿಂದ ನಮಗೆ ಹೊಂದಿಕೆಯಾಯಿತು.

ಮೊದಲು ಕನ್ನಡಕ ಹಾಕಿಕೊಂಡದ್ದು ಅವ್ವ. ಹೊಸ ಮನೆಗೆ ಹೋಗುತ್ತಿದ್ದೀರಿ ಎಂದು ಹುಡುಗಿ ಹೇಳಿದ್ದೇ ತಡ, ಅವ್ವ ಆ ಕಲ್ಲುಚೂರುಗಳ ನಡುವೆ ಚಪ್ಪಲಿ ಕಳಚಿದಳು. ಸೆರಗು ಸರಿಮಾಡಿಕೊಂಡಳು. ಎದುರಿಗೆ ಕಂಡ ಹೊಸ್ತಿಲಿಗೆ ಬಗ್ಗಿ ಕೈಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಕೈಗೆ ಹತ್ತಿದ್ದು ಅಡ್ಡೆಯ ಧೂಳು ಮಾತ್ರ. ಬಲಗಾಲನ್ನು ಎತ್ತರಕ್ಕೆತ್ತಿ, ಇಲ್ಲದ ಕಲ್ಲನ್ನು ದಾಟಿ, "ದೇವರ ಜಗಲಿ ಎಲ್ಲದ?" ಎಂದು ಕೇಳಿದಳು. ದೇವರ ಜಾಗ ಕಂಡ ಮೇಲೆ ಆಕೆಗೆ ಬೇರೇನೂ ನೋಡುವ ಆಸೆ ಇರಲಿಲ್ಲ.

ಆಮೇಲೆ ನನ್ನ ಪಾಳಿ. ಕನ್ನಡಕದೊಳಗೆ ಬೆಳಕಾದಾಗ ನಾನು ನನ್ನ ಅಡುಗೆಮನೆಯಲ್ಲಿ ನಿಂತಿದ್ದೆ. ಕುರ್ಚಿಯಲ್ಲಿ ಕೂತಲ್ಲೇ ನಿಂತಿದ್ದೆ. ಫ್ರಿಜ್ಜಿನ ನೆತ್ತಿ ಕಾಣುತ್ತಿತ್ತು, ನಲ್ಲಿ ನನ್ನ ಎದೆಗಿಂತ ಕೆಳಗಿತ್ತು. ಫ್ರಿಜ್ಜಿನ ನೆತ್ತಿಯನ್ನು ನಾನು ಹುಟ್ಟಿ ಇಷ್ಟು ವರ್ಷಕ್ಕೆ ನೋಡಿದ್ದು ಅದೇ ಮೊದಲು. ಸುಳ್ಳು ಯಾಕೆ ಹೇಳಲಿ, ಅದನ್ನೇ ಎರಡೆರಡು ಸಲ ನೋಡಿದೆ.

"ಹ್ಯಾಂಗ ಕಾಣಸ್ಲಿಕತ್ತದ ಅಕ್ಕ?" ತಮ್ಮನ ದನಿ.

"ಚಂದ ಅದ" ಎಂದೆ. ಎಂದವಳಿಗೇ ಮೈ ಉರಿಯಿತು. ಈ ಮನೆಯನ್ನು ನಿಂತು ಓಡಾಡುವ ಯಾರೋ ಬೇರೆ ಹೆಂಗಸಿಗಾಗಿ ಬರೆದಿದ್ದರು. ಅವಳು ಎಂದೂ ಬರುವವಳಲ್ಲ. ಬರಲಿ ಎಂದು ನಾನು ಕಾದೂ ಇಲ್ಲ. ಅವಳ ಎತ್ತರಕ್ಕೆ ಕಟ್ಟೆ, ಅವಳ ಎತ್ತರಕ್ಕೆ ಸ್ವಿಚ್ಚು, ಬಾಳೋದು ಮಾತ್ರ ನಾನು.

"ಈ ಮನ್ಯಾಗ ಇರಾಕಿ ಯಾರವ್ವಾ?" ಎಂದು ಹುಡುಗಿಯನ್ನು ಕೇಳಿದೆ.

"ನೀವೇ ಅಲ್ಲೇನ್ರಿ?"

"ಅಲ್ಲ. ಈಕಿ ನನಕಿಂತ ಭಾಳ ಎತ್ತರ ಅದಾಳ. ನನ್ನ ಕಣ್ಣು ಎಲ್ಲದನೋ ಅಲ್ಲಿಗಿ ಇಳಸು."

"ಇನ್ನೊಂದೀಟು ನಿಂತು ನೋಡು ಅಕ್ಕ, ಏನ್ ಹೋಗ್ತದ" ಎಂದ ತಮ್ಮ. ಪ್ರೀತಿಯಿಂದಲೇ ಅಂದ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ನಿಂತವರ ಕಣ್ಣಿಗೆ ಕಂಡದ್ದೇ ಚಂದ ಎಂದು ಇವರಿಗೆ ಹೇಳಿಕೊಟ್ಟವರು ಯಾರು?

ಹುಡುಗಿ ಇಳಿಸಿದಳು. ಕ್ಷಣದಲ್ಲಿ ಮನೆ ಬೇರೆಯಾಯಿತು. ಅಡುಗೆ ಕಟ್ಟೆಯ ಅಂಚು ನನ್ನ ಗದ್ದಕ್ಕೆ ಬಂತು. ನಲ್ಲಿ ದೂರ ಹೋಯಿತು. ಬಚ್ಚಲಿನ ಕನ್ನಡಿಯಲ್ಲಿ ಬರೀ ತಲೆ ಮೇಲಿನ ಛತ್ತು. ನಾನು ಹೇಳುತ್ತಾ ಹೋದೆ, ಹುಡುಗಿ ಕಂಪ್ಯೂಟರಿನಲ್ಲಿ ಅಲ್ಲೇ ತಿದ್ದುತ್ತಾ ಹೋದಳು. ಕಟ್ಟೆ ಕೆಳಗಿಳಿಯಿತು, ಅದರಡಿ ಮೊಣಕಾಲು ಹೋಗುವಷ್ಟು ಜಾಗ ಬಂತು, ಬಾಗಿಲುಗಳು ಅಗಲವಾದವು. ಗೌಂಡಿ ಎಲ್ಲದಕ್ಕೂ "ಆಯ್ತ್ರಿ, ಆಯ್ತ್ರಿ" ಎನ್ನುತ್ತಿದ್ದ. ಹೊಸ್ತಿಲು ತೆಗೆ ಎಂದಾಗ ಎಲ್ಲರ ಬಾಯಿ ಒಟ್ಟಿಗೇ ತೆರೆಯಿತು.

"ಹೊಸ್ತಲ ಇಲ್ದಿದ್ರ ಮಳಿ ನೀರು ಬರ್ತದ್ರಿ, ಚೇಳು ಬರ್ತಾವ" ಎಂದ ಗೌಂಡಿ.

"ಹೊಸ್ತಲ ಇಲ್ದಿದ್ದು ಮನಿ ಅಲ್ಲ, ಕೊಟ್ಟಗಿ" ಎಂದಳು ಅವ್ವ. "ಲಕ್ಷ್ಮಿ ಎಲ್ಲಿ ನಿಂದ್ರಬೇಕು? ನಾ ಅರಿಶಿಣ ಎಲ್ಲಿ ಹಚ್ಚಲಿ?"

"ನಾ ಅದೀನಲ್ಲ ಅಕ್ಕ, ಎತ್ತತೀನಿ" ಎಂದ ತಮ್ಮ.

"ನೀ ವಾಡ್ಯಾಗ ಅದಿ" ಎಂದೆ. "ಬಾ, ನನ್ನ ಕುರ್ಚಿ ಮ್ಯಾಲ ಕುಂದ್ರು."

ನಾನು ತೋಳಿನ ಬಲದಿಂದ ಪಕ್ಕದ ಪರ್ಸಿ ಗುಡ್ಡೆಯ ಮೇಲೆ ಸರಿದು ಕೂತೆ. ತಮ್ಮ ಗಾಲಿ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡ. ಹೊಸ್ತಿಲು ಇನ್ನೂ ಚಿತ್ರದಲ್ಲಿತ್ತು. ಒಳಗೆ ಹೋಗು ಎಂದೆ. ಅವನು ಗಾಲಿ ನೂಕಿದ, ಚಿತ್ರದ ಕಲ್ಲಿನೊಳಗಿಂದಲೇ ಸರಾಗವಾಗಿ ಪಾರಾಗಿ ಹೋದ.

"ಹೋದ್ನಲ್ಲ" ಎಂದು ನಕ್ಕ. "ಸುಮ್ನ ಹೆದರ್ತಿ ನೀ."

ಗೌಂಡಿಯೂ ತಲೆಯಾಡಿಸಿದ. ಕಣ್ಣಿಗೆ ಕಾಣುತ್ತದೆ, ಗಾಲಿಗೆ ತಾಗುವುದಿಲ್ಲ. ನನ್ನ ಪರವಾಗಿ ಸಾಕ್ಷಿ ಹೇಳಲಿ ಎಂದು ತಂದ ಕನ್ನಡಕವೇ ಅವರ ಕಡೆ ಹೋಗಿತ್ತು. ಒಂದು ಗಳಿಗೆ, ಇನ್ನು ಆಯಿತು, ಉಳಿದ ಆಯುಷ್ಯವೂ ಯಾರದೋ ತೋಳಿನಲ್ಲೇ ಎಂದುಕೊಂಡೆ.

ಆಮೇಲೆ ನಾನು ಕೂತ ಜಾಗವನ್ನು ನೋಡಿಕೊಂಡೆ. ಸುತ್ತ ಕಲ್ಲೇ ಕಲ್ಲು. ಹುಡುಗಿಯ ಕಡೆ ನೋಡಿ, ಕೆಳಗಿದ್ದ ಒಂದು ಕಲ್ಲನ್ನು ಬೆರಳಿನಿಂದ ತೋರಿಸಿದೆ. ಆಕೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ತಮ್ಮನ ಕುರ್ಚಿಯನ್ನು ಹಿಂದಕ್ಕೆ ಎಳೆದು ತಂದಳು. ಅಡ್ಡೆಯಲ್ಲೇ ಇದ್ದ ಅಬ್ಬಾನ ಕೈಯಿಂದ ಗೇಣೆತ್ತರದ ಕಲ್ಲನ್ನು ತರಿಸಿ, ಕನ್ನಡಕದಲ್ಲಿ ಹೊಸ್ತಿಲು ಕಾಣುವ ಜಾಗಕ್ಕೆ ಸರಿಯಾಗಿ ನೆಲದ ಮೇಲೆ ಇಡಿಸಿದಳು. ಕುರ್ಚಿ ಮುಗ್ಗರಿಸದಂತೆ ತಾನೇ ಹಿಂದೆ ನಿಂತಳು.

"ಇನ್ನೊಂದು ಸಲ ಹೋಗು" ಎಂದೆ ತಮ್ಮನಿಗೆ.

ಅವನು ಅದೇ ಹುರುಪಿನಲ್ಲಿ ಬಂದ. ಮುಂದಿನ ಸಣ್ಣ ಗಾಲಿಗಳು ಕಲ್ಲಿಗೆ ಬಡಿದವು, ಮೈ ಮುಂದಕ್ಕೆ ಜೋಲಿ ಹೊಡೆಯಿತು. ಹಿಂದೆ ಸರಿದು ಮತ್ತೆ ನೂಕಿದ. ರೆಟ್ಟೆಯ ಬಲವೆಲ್ಲ ಹಾಕಿದ. ಕಲ್ಲು ಕಲ್ಲಾಗಿಯೇ ಇತ್ತು. ಕನ್ನಡಕದೊಳಗೆ ಅವನಿಗೆ ನಾವು ಯಾರೂ ಕಾಣುತ್ತಿರಲಿಲ್ಲ, ಎದುರಿಗೆ ತೆರೆದ ಬಾಗಿಲು ಮಾತ್ರ ಕಾಣುತ್ತಿತ್ತು. ಕಡೆಗೆ ಎರಡೂ ತೋಳು ಮೇಲೆತ್ತಿ, "ಯಾರರ ಎತ್ರಿ" ಎಂದ.

ಅವ್ವ ಧಾವಿಸಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. "ಯಾರೂ ಮುಟ್ಟಬ್ಯಾಡ್ರಿ." ಹೀಗೆ ಮಾಡಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅವನು ಎತ್ತಿದ ತೋಳು ಹಾಗೇ ಹಿಡಿದು ಸ್ವಲ್ಪ ಹೊತ್ತು ಕಾದ. ಆಮೇಲೆ ತೋಳಿಳಿಸಿ ಕನ್ನಡಕ ತೆಗೆದ. ಕಲ್ಲನ್ನು ನೋಡಿದ, ನನ್ನನ್ನು ನೋಡಿದ. ಮುಖ ಕೆಂಪಾಗಿತ್ತು.

"ನಾ ಎತ್ತೋದು ನಿನಗ ಸೇರ್ತಿರ್ಲಿಲ್ಲೇನು ಅಕ್ಕ?"

"ಇಲ್ಲ" ಎಂದೆ. "ಒಂದಿನಾನೂ ಇಲ್ಲ."

ಬೇರೆ ಏನಾದರೂ ಮೆತ್ತಗೆ ಹೇಳಬಹುದಿತ್ತು. ಅವನ ಕಣ್ಣಲ್ಲಿ ನೀರು ಬಂದಾಗ ನನಗೂ ಸಂಕಟವಾಯಿತು. ಆದರೆ ಅಷ್ಟು ವರ್ಷ ನುಂಗಿಕೊಂಡ ಮಾತನ್ನು ಮತ್ತೆ ನುಂಗಲು ನಾನು ತಯಾರಿರಲಿಲ್ಲ. ಅವನೇ ಗೌಂಡಿಯ ಕಡೆ ತಿರುಗಿ, "ಹೊಸ್ತಲ ಬ್ಯಾಡ. ನೆಲಕ್ಕ ಸಮ ಮಾಡು" ಎಂದ. ವಾಪಸು ಬರುವಾಗ ಅವ್ವ ಕಾರಿನಲ್ಲಿ ಒಂದೇ ಮಾತಾಡಿದಳು. "ನಾ ಆ ಮನಿಗಿ ಬರಂಗಿಲ್ಲ."

ಮನೆ ಎದ್ದಿತು. ಬಾಗಿಲಿನ ಚೌಕಟ್ಟಿನ ನಡುವೆ ಹುಡುಗಿ ಒಂದು ಕರಿ ಪರ್ಸಿಯ ಪಟ್ಟಿಯನ್ನು ನೆಲಕ್ಕೆ ಸಮನಾಗಿ ಕೂಡಿಸಿದಳು. ಮಳೆ ನೀರಿಗೆಂದು ಹೊರಗೆ ಇಳಿಜಾರು, ಅದರ ಬುಡಕ್ಕೆ ಜಾಳಿಗೆ ಮುಚ್ಚಿದ ಕಾಲುವೆ. ಚೇಳು ಬರುವುದಾದರೆ ಬರಲಿ, ಅದೂ ಯಾರ ಕೈಯನ್ನೂ ಕಾಯದೆ ಬರುತ್ತದಲ್ಲ.

ಗೃಹಪ್ರವೇಶಕ್ಕೆ ಅವ್ವ ಬಂದಳು. ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಆ ಕರಿ ಪಟ್ಟಿಯ ತುಂಬ ಅರಿಶಿಣ ಕಲಸಿ ದಪ್ಪಗೆ ಹಚ್ಚಿದಳು. "ಹಚ್ಚಲಿಕ್ಕ ಎತ್ತರಾನೇ ಬೇಕಂತ ಯಾರ್ ಹೇಳ್ಯಾರ" ಎಂದು ತನ್ನಷ್ಟಕ್ಕೆ ಗೊಣಗಿದಳು, ಆ ತಕರಾರು ತೆಗೆದವರು ಬೇರೆ ಯಾರೋ ಎಂಬಂತೆ.

ಬಳಗವೆಲ್ಲ ಅಂಗಳದಲ್ಲಿ ಸೇರಿತ್ತು. ಕಾಕಾ ರೂಢಿಯಂತೆ ತೋಳು ಮಡಚಿಕೊಂಡು ಬಂದು ನನ್ನ ಕುರ್ಚಿಯ ಹಿಡಿಗೆ ಬಗ್ಗಿದ. ನಾನು ಬಾಯಿ ತೆರೆಯುವುದರೊಳಗೆ ತಮ್ಮ ಅವನ ಮುಂಗೈ ಹಿಡಿದ. "ಬಿಡ್ರಿ ಕಾಕಾ. ಆಕಿ ಹೋಗ್ತಾಳ."

ನಾನು ಗಾಲಿ ನೂಕಿದೆ. ಏನೂ ತಡೆಯಲಿಲ್ಲ. ಹಸಿ ಅರಿಶಿಣದ ಮೇಲೆ ಹಾಯ್ದು, ಪಡಸಾಲೆ ದಾಟಿ, ಅಡುಗೆ ಕಟ್ಟೆಯವರೆಗೆ ಒಂದೇ ಉಸಿರಿಗೆ ಹೋದೆ. ಹಿಂದೆ ಹೊಸ ಪರ್ಸಿಯ ಮೇಲೆ ಎರಡು ಹಳದಿ ಗೆರೆ ಬಿದ್ದಿದ್ದವು.

"ಅಯ್ಯ, ನೆಲ ಎಲ್ಲಾ ಹೊಲಸಾಯ್ತು" ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು. "ಯಾರರ ಅರಿವಿ ತಂದು ಒರಸ್ರಿ."

ನಾನು ಕುರ್ಚಿ ತಿರುಗಿಸಿ ಬಾಗಿಲ ಕಡೆ ಮುಖ ಮಾಡಿದೆ.

"ಒರಸಿದವ್ರಿಗಿ ಹೋಳಿಗಿ ಇಲ್ಲ" ಎಂದೆ.