ಒಂದೇ ಡ್ರಮ್ಮಿನ ಅಕ್ಕಿ

ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈನ ಮೈಲಾಪೂರಿನ ನಾವು ನಾಲ್ಕಾರು ಹೆಂಗಸರು ಹಿಡಿ ಅಕ್ಕಿ ಕೂಡಿಸುತ್ತಿದ್ದೆವು. ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಮನೆಯವರೂ ಒಂದು ಹಿಡಿಯನ್ನು ಡಬ್ಬಿಗೆ ಹಾಕಿಡಬೇಕು. ಶನಿವಾರ ನಾವು ಅದನ್ನು ತಂದು ನಮ್ಮ ಮನೆಯ ಮೆಟ್ಟಿಲ ಕೆಳಗಿದ್ದ ನೀಲಿ ಡ್ರಮ್ಮಿಗೆ ಸುರಿದು, ಭಾನುವಾರ ಪಲ್ಲಾವರಂನ ಕಲ್ಲು ಕ್ವಾರಿಯ ಕೂಲಿಯವರಿಗೆ ಹಂಚುವುದು. ನಾನೇ ಮುಖ್ಯಸ್ಥೆ. ಬ್ಯಾಂಕ್ ಕೆಲಸ ಮುಗಿಸಿ ಮೆರವಣಿಗೆಗೂ ಹೋಗುತ್ತಿದ್ದೆ, ಸಭೆಗಳಲ್ಲಿ ಗಂಟಲು ಹರಿಯುವಂತೆ ಮಾತಾಡುತ್ತಿದ್ದೆ. "ಅನ್ನ ಭಿಕ್ಷೆಯಲ್ಲ, ಹಕ್ಕು" ಎನ್ನುವುದು ನನ್ನ ಪಲ್ಲವಿ. ಹೇಳಿ ಹೇಳಿ ಅದು ನನ್ನ ಕಿವಿಗೇ ಬೀಳುತ್ತಿರಲಿಲ್ಲ.

ಒಂದು ಭಾನುವಾರ ಸಂಜೆ ಕ್ವಾರಿಯ ಹತ್ತಿರವೇ ಸಭೆಯಿತ್ತು. ಅಕ್ಕಿ ಪಡೆಯುವವರಲ್ಲಿ ಒಬ್ಬರು ವೇದಿಕೆಯ ಮೇಲೆ ನಾಲ್ಕು ಮಾತಾಡಲಿ ಎಂದು, ಹೊಸೂರು ಕಡೆಯಿಂದ ಬಂದಿದ್ದ ಕನ್ನಡದ ಹೆಂಗಸೊಬ್ಬಳನ್ನು ಕರೆಯಲು ಅವಳ ಗುಡಿಸಲಿಗೆ ಹೋದೆ. ಅದೇ ಮೊದಲ ಸಲ.

ಬಾಗಿಲಲ್ಲಿ ಮೊರ ಇಟ್ಟುಕೊಂಡು ಕೂತಿದ್ದಳು. ಕಲ್ಲು ಆರಿಸುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ಅಕ್ಕಿಯಿಂದ ಅಕ್ಕಿಯನ್ನು ಬೇರೆ ಮಾಡುತ್ತಿದ್ದಳು. ಬಿಳಿ ಕಾಳು ಒಂದು ಕಡೆ, ಹಳದಿ ಕಾಳು ಇನ್ನೊಂದು ಕಡೆ.

"ಇದೇನಮ್ಮಾ?"

"ನಿಮ್ಮಕ್ಕಿನೇ ಅಕ್ಕಾ. ಹಸಿ ಅಕ್ಕಿ, ಕುಸುಬಲಕ್ಕಿ ಎರಡೂ ಬೆರ್ತಿರ್ತದಲ್ಲ. ಒಟ್ಟಿಗೆ ಇಟ್ರೆ ಒಂದು ಕರಗೋಗ್ತದೆ, ಇನ್ನೊಂದು ಬೇಯಲ್ಲ. ಬೇಯೋಗಂಟ ಇಡಾನ ಅಂದ್ರೆ ಸೀಮೆಎಣ್ಣೆ ಸಾಲಲ್ಲ. ನಮ್ಮತ್ತೆಗೆ ಹಲ್ಲಿಲ್ಲ, ಅಗಿಯಕ್ಕಾಗಲ್ಲ."

ಒಳಗೆ ಚಾಪೆಯ ಮೇಲೆ ಆ ಅತ್ತೆ ಗೋಡೆಗೊರಗಿ ಕೂತಿದ್ದರು. ಮಧ್ಯಾಹ್ನ ಮೂರು ಗಂಟೆಯಾದರೂ ಅವರ ಊಟ ಆಗಿರಲಿಲ್ಲ.

ನಮ್ಮ ಮನೆಯದು ಹಸಿ ಅಕ್ಕಿ, ಎದುರುಮನೆಯವರದು ಭತ್ತ ಬೇಯಿಸಿ ಮಾಡಿದ ಕುಸುಬಲಕ್ಕಿ. ಮೂರು ವರ್ಷ ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದವಳು ನಾನೇ. ಆ ಅಕ್ಕಿಯನ್ನು ಒಂದು ದಿನವೂ ಬೇಯಿಸಿ ತಿಂದಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಪುಕ್ಕಟೆ ಕೊಡೋರ್ನ ಹಂಗೆಲ್ಲ ಕೇಳೋಕಾಗ್ತದಾ ಅಕ್ಕಾ?"

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಏನೂ ಆಗಲಿಲ್ಲ. ಜೋಮು ಹಿಡಿದ ಕೈಯನ್ನು ಚಿವುಟಿದರೆ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಪಕ್ಕದಲ್ಲಿ ಕೂತು ನಾನೂ ಒಂದಷ್ಟು ಕಾಳು ಆರಿಸಿದೆ. ಅವಳ ಬೆರಳಿನ ಚುರುಕು ನನಗೆಲ್ಲಿ ಬರಬೇಕು. "ಬಿಡಿ ಅಕ್ಕಾ, ಸಭೆಗೆ ಹೊತ್ತಾಗ್ತದೆ" ಎಂದು, ನಾನು ಆರಿಸಿದ್ದನ್ನೇ ಮತ್ತೆ ಆರಿಸತೊಡಗಿದಳು.

ಮರುವಾರದಿಂದ ಎರಡು ಡ್ರಮ್ ಇಟ್ಟೆವು, ಅದು ಬಿಡಿ. ಆ ಸಂಜೆ ಅವಳು ವೇದಿಕೆ ಹತ್ತಲು ಒಪ್ಪದೆ ಮುಂದಿನ ಸಾಲಿನಲ್ಲಿ ಕೂತಳು. ನನ್ನ ಸರದಿ ಬಂದಾಗ ಎದ್ದು ನಿಂತು, ಅನ್ನ ಭಿಕ್ಷೆಯಲ್ಲ, ಹಕ್ಕು ಎಂದೆ. ಎಂದಿನಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.